ಮೇಲ್‌ಗೆ ವೆಬ್ ಪೋರ್ಟಲ್ ಜೋಡಿಸಿಕೊಡ್ತೀವಿ ಅಂತ ಬಂದರೆ, ಅಡ್ಮಿನ್ ಖಾತೆ ಯಾರ ಕೈಲಿರುತ್ತೆ ಅಂತ ಮೊದಲು ಕೇಳಿ

ಚಿಕ್ಕಮಗಳೂರು, ಹಾಸನ ಕಡೆ ಕಾಫಿ ಆಫೀಸುಗಳಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವರು ಯಾರಾದರೂ ಇದ್ದರೆ ದಯವಿಟ್ಟು ಇದನ್ನು ಪೂರ್ತಿ ಓದಿ. ನಾನಿರುವುದು ಚಿಕ್ಕಮಗಳೂರಿನ ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ, ಅಂದರೆ ತೋಟದ ಕಾಫಿಯ ಸಿಪ್ಪೆ ತೆಗೆದು ಮಾರಾಟಕ್ಕೆ ಸಿದ್ಧ ಮಾಡುವ ಕಡೆ. ನಮ್ಮಲ್ಲಿ ಮೊದಲಿಂದ ಲೋಟಸ್ ನೋಟ್ಸ್ ಇತ್ತು. ನಗಬೇಡಿ. 1989ರಲ್ಲಿ ಬಂದಿದ್ದು, ಲೋಟಸ್‌ನಿಂದ ಐಬಿಎಂ ಕೈಗೆ, 2019ರಲ್ಲಿ ಎಚ್‌ಸಿಎಲ್ ಕೈಗೆ ಹೋದರೂ ಇನ್ನೂ ಬದುಕಿರುವ ಸಾಫ್ಟ್‌ವೇರ್ ಅದು. ಮೇಲ್ ಅದರಲ್ಲೇ, ಲಾಟ್ ರಿಜಿಸ್ಟರೂ ಅದರಲ್ಲೇ. ಯಾವ ತೋಟದಿಂದ ಎಷ್ಟು ಚೀಲ ಪಾರ್ಚ್‌ಮೆಂಟ್ (ಒಳಸಿಪ್ಪೆ ಇರುವ ಒಣಗಿದ ಕಾಫಿ) ಬಂತು, ತೇವಾಂಶ ಎಷ್ಟು, ಔಟ್‌ಟರ್ನ್ (ಅದರಿಂದ ಸಿಗುವ ಶುದ್ಧ ಬೀಜದ ಪ್ರಮಾಣ) ಎಷ್ಟು, ಚೀಲಕ್ಕೆ ಏನು ರೇಟು, ಎಲ್ಲಾ. ನೋಡೋಕೆ ಚೆಂದ ಇರಲಿಲ್ಲ, ಕೆಲಸ ಮಾತ್ರ ನಿಲ್ಲುತ್ತಿರಲಿಲ್ಲ.

ಎಲ್ಲಾ ವೆಬ್‌ಗೆ ಹೋಗಲಿ ಅಂತ ಮಾಲೀಕರು ಬೆಂಗಳೂರಿನ ಒಂದು ಕಂಪನಿಯವರನ್ನು ಕರೆಸಿದರು. ಹೆಸರು ಹಾಕಲ್ಲ, ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ. ಮೇಲ್ ಮೈಕ್ರೋಸಾಫ್ಟ್‌ನ ಇಂಟರ್‌ನೆಟ್ ಮೇಲ್ ಸೇವೆಯಾದ ಎಕ್ಸ್‌ಚೇಂಜ್ ಆನ್‌ಲೈನ್‌ಗೆ ಹೋಯಿತು, ರಿಜಿಸ್ಟರ್ ವೆಬ್ ಪೋರ್ಟಲ್ ಆಯಿತು. ಬೆಳೆಗಾರರು ಮೊಬೈಲಲ್ಲೇ ತಮ್ಮ ಲಾಟ್ ನೋಡಬಹುದು, ಖರೀದಿದಾರರ ಮೇಲ್ ತಾನಾಗೇ ಆಯಾ ಲಾಟ್ ಕೆಳಗೆ ಬಂದು ಕೂರುತ್ತೆ. ಡೆಮೊ ದಿನ ಎಲ್ಲರಿಗೂ ಖುಷಿಯೋ ಖುಷಿ.

ಮೊದಲ ಏಟು ಬಿದ್ದಿದ್ದು ಆಲ್ದೂರು ಕಡೆಯ ಒಬ್ಬ ಬೆಳೆಗಾರರಿಂದ. ಅವರ ಮಗ ಕಾಲೇಜು ಹುಡುಗ. ಪೋರ್ಟಲ್ ವಿಳಾಸದ ಕೊನೆಯಲ್ಲಿದ್ದ ಲಾಟ್ ನಂಬರನ್ನು ಸುಮ್ನೆ ಬದಲಿಸಿ ಎಂಟರ್ ಒತ್ತಿದ್ದಾನೆ, ಪಕ್ಕದ ತೋಟದವರ ಲಾಟ್ ತೆರೆದುಕೊಂಡಿದೆ. ರೇಟು, ಔಟ್‌ಟರ್ನ್, ತೆಗೆದುಕೊಂಡ ಮುಂಗಡ, ಒಂದನ್ನೂ ಬಿಡದೆ. ಮಾರನೇ ದಿನ ಅಪ್ಪ ಕೌಂಟರಿಗೆ ಬಂದು "ಏನ್ರೀ, ಅವರಿಗೆ ಚೀಲಕ್ಕೆ ನಮಗಿಂತ ಜಾಸ್ತಿ ಹಾಕಿದೀರಲ್ಲ?" ಅಂದರು. ಪಕ್ಕದವರ ಔಟ್‌ಟರ್ನ್ ಚೆನ್ನಾಗಿತ್ತು, ಅದಕ್ಕೇ ರೇಟು ಜಾಸ್ತಿ. ಆದರೆ ಅಷ್ಟು ಹೊತ್ತು ಕೇಳಿಸಿಕೊಳ್ಳುವ ತಾಳ್ಮೆ ಯಾರಿಗಿರುತ್ತೆ? ರೇಟಿನ ಮಾತು ಈ ಜಿಲ್ಲೆಯಲ್ಲಿ ಬೆಳಗ್ಗೆ ಹೊರಟರೆ ಮಧ್ಯಾಹ್ನದೊಳಗೆ ಮೂಡಿಗೆರೆ ಮುಟ್ಟುತ್ತೆ.

ಆಗಿದ್ದು ಇಷ್ಟೇ. ನೋಟ್ಸ್‌ನಲ್ಲಿ ಒಂದೊಂದು ಡಾಕ್ಯುಮೆಂಟಿಗೂ ರೀಡರ್ಸ್ ಫೀಲ್ಡ್ ಇಡಬಹುದು. ಅದರಲ್ಲಿ ಹೆಸರಿಲ್ಲದವರಿಗೆ ಅಂಥ ಡಾಕ್ಯುಮೆಂಟ್ ಇದೆ ಅಂತಲೂ ಗೊತ್ತಾಗಲ್ಲ, ಸರ್ವರೇ ಕೊಡಲ್ಲ. ಈ ಕಂಪನಿಯವರು ಡೇಟಾ ಎಲ್ಲಾ ತೆಗೆದು ಎಸ್‌ಕ್ಯೂಎಲ್ ಡೇಟಾಬೇಸಿನ ಟೇಬಲಿಗೆ ಸುರಿದರು. ಆ ಫೀಲ್ಡೂ ಒಂದು ಕಾಲಮ್ ಆಗಿ ಬಂದು ಕೂತಿತ್ತು, ಅದನ್ನು ನೋಡುವ ಕೋಡ್ ಮಾತ್ರ ಯಾರೂ ಬರೆದಿರಲಿಲ್ಲ. ಲಾಗಿನ್ ಆಗಿದ್ದಾರಾ ಅಂತ ಪೋರ್ಟಲ್ ನೋಡುತ್ತಿತ್ತು, ಈ ಲಾಟ್ ಇವರದೇನಾ ಅಂತ ನೋಡುತ್ತಿರಲಿಲ್ಲ. ನಿಮ್ಮ ಪೋರ್ಟಲ್ ಒಪ್ಪಿಕೊಳ್ಳುವ ಮೊದಲು ಎರಡು ಖಾತೆ ತೆರೆದು, ಒಂದರಲ್ಲಿ ಕಾಣುವ ವಿಳಾಸವನ್ನು ಇನ್ನೊಂದರಲ್ಲಿ ಅಂಟಿಸಿ ನೋಡಿ. ತೆರೆದುಕೊಂಡರೆ ಬಾಕಿ ಹಣ ಕೊಡಬೇಡಿ.

ಅದನ್ನೇನೋ ಗಲಾಟೆ ಮಾಡಿ ಸರಿಮಾಡಿಸಿದೆವು. ನಿಜವಾದ ಹೊಡೆತ ಬಂದಿದ್ದು 2022ರ ಅಕ್ಟೋಬರ್ ಆದಮೇಲೆ, ಅರೇಬಿಕಾ ಕೊಯ್ಲು ಹತ್ತಿರ ಬಂದಾಗ. ಪೋರ್ಟಲಿಂದ ಮೇಲ್ ಹೋಗುತ್ತಿತ್ತು, ಉತ್ತರ ಮಾತ್ರ ಬರುತ್ತಿರಲಿಲ್ಲ. ಎರರ್ ಕೂಡ ಇಲ್ಲ. ಖರೀದಿದಾರರು ಸುಮ್ಮನಿದ್ದಾರೆ ಅಂತ ನಮ್ಮವರು ಅಂದುಕೊಂಡರು, ನಾವು ಸುಮ್ಮನಿದ್ದೇವೆ ಅಂತ ಅವರು ಅಂದುಕೊಂಡರು. ಹಿಂದಿನ ಬೆಳೆಯ ಒಂದು ಒಳ್ಳೆ ಲಾಟ್‌ನ ಸ್ಯಾಂಪಲ್ ಪಾಸಾಗಿತ್ತು, ಆ ಮೇಲ್ ಮ್ಯಾನೇಜರ್ ಇನ್‌ಬಾಕ್ಸಲ್ಲೇ ಬಿದ್ದಿತ್ತು, ಎಲ್ಲರೂ ನೋಡುತ್ತಿದ್ದುದು ಪೋರ್ಟಲ್ ಮಾತ್ರ. ಅವರು ಬೇರೆ ಕಡೆ ಕೊಂಡರು.

ಕಂಪನಿಗೆ ಫೋನ್ ಮಾಡಿದರೆ "ನಿಮ್ಮ ಕಡೆ ನೆಟ್ ಸ್ಲೋ ಇರಬೇಕು ಸರ್, ಮಲೆನಾಡಲ್ವಾ?" ಅಂದ ಆ ಹುಡುಗ. ನೆಟ್ ಸ್ಲೋ ಇದ್ದರೆ ಹೋಗೋ ಮೇಲೂ ನಿಲ್ಲಬೇಕಲ್ಲಪ್ಪ!

ಕೊನೆಗೆ ಪೋರ್ಟಲ್‌ನ ಸೆಟ್ಟಿಂಗ್‌ಗಳಿರುವ, ಸರ್ವರಿನ ಕಾನ್ಫಿಗ್ ಫೈಲ್ ತೆಗೆದು ನೋಡಿದೆ. ನಮ್ಮ ಮ್ಯಾನೇಜರ್ ಮೇಲ್ ವಿಳಾಸ, ಅದರ ಪಕ್ಕದಲ್ಲೇ ಅವರ ಪಾಸ್‌ವರ್ಡ್, ಯಾರು ಬೇಕಾದರೂ ಓದುವ ಹಾಗೆ. ಪೋರ್ಟಲ್ ಅದನ್ನೇ ಕೊಟ್ಟು ಇಡಬ್ಲ್ಯೂಎಸ್ (ಬೇರೆ ಸಾಫ್ಟ್‌ವೇರ್‌ಗಳು ಎಕ್ಸ್‌ಚೇಂಜ್ ಮೇಲ್ ತೆಗೆಯುವ ಹಳೇ ದಾರಿ) ಮೂಲಕ ಮೇಲ್ ಎಳೆಯುತ್ತಿತ್ತು. ಹೀಗೆ ಬರೀ ಹೆಸರು, ಪಾಸ್‌ವರ್ಡ್ ಕಳಿಸಿ ಒಳಗೆ ಹೋಗುವುದನ್ನು ಬೇಸಿಕ್ ಅಥೆಂಟಿಕೇಶನ್ ಅಂತಾರೆ. ಇದನ್ನು ನಿಲ್ಲಿಸುತ್ತೇವೆ ಅಂತ ಮೈಕ್ರೋಸಾಫ್ಟ್ 2019ರಲ್ಲೇ ಹೇಳಿತ್ತು, ಕೋವಿಡ್ ಬಂದು ಮುಂದಕ್ಕೆ ಹೋಗಿ, 2022ರ ಅಕ್ಟೋಬರ್ 1ರಿಂದ ಒಂದೊಂದೇ ಗ್ರಾಹಕರಿಗೆ ಬಂದ್ ಮಾಡುತ್ತಾ ಬಂತು. ಮೇಲ್ ಕಳಿಸುವ ದಾರಿಯಾದ ಎಸ್‌ಎಂಟಿಪಿಯನ್ನು ಆಗ ಮುಟ್ಟಲಿಲ್ಲ. ಅದಕ್ಕೇ ಹೋಗುವ ಮೇಲ್ ಹೋಗುತ್ತಿತ್ತು. ಅಂದರೆ ಇವರು ನಮಗೆ ಪೋರ್ಟಲ್ ಕಟ್ಟುವಾಗಲೇ ಆ ದಾರಿ ಮುಚ್ಚುತ್ತೆ ಅನ್ನೋದು ಊರಿಗೆಲ್ಲಾ ಗೊತ್ತಿದ್ದ ವಿಷಯ.

ಇನ್ನೂ ಹೊಟ್ಟೆ ಉರಿಯುವ ಮಾತು ಕೇಳಿ. ಬಂದ್ ಮಾಡುವ ಒಂದು ವಾರ ಮೊದಲು ಮೈಕ್ರೋಸಾಫ್ಟ್‌ನ ಅಡ್ಮಿನ್ ಸೆಂಟರಿಗೆ, ಅಂದರೆ ಅಡ್ಮಿನ್ ಖಾತೆಯವರು ಮಾತ್ರ ತೆರೆಯುವ ನಿರ್ವಹಣಾ ಪುಟಕ್ಕೆ, ನೋಟಿಸ್ ಬರುತ್ತಿತ್ತು. ಬೇಕಿದ್ದರೆ ಡಿಸೆಂಬರ್ ಕೊನೆಯವರೆಗೆ ಒಂದು ಸಲ ಮತ್ತೆ ಆನ್ ಮಾಡಿಕೊಳ್ಳಲೂ ಬಿಟ್ಟಿದ್ದರು. ಆದರೆ ಅಡ್ಮಿನ್ ಖಾತೆ ಇದ್ದದ್ದು ಆ ಕಂಪನಿಯ ಒಬ್ಬ ನೌಕರನ ಹೆಸರಲ್ಲಿ, ಅವನು ಕೆಲಸ ಬಿಟ್ಟು ಹೋಗಿದ್ದ. ಅವನ ಫೋನಿಗೇ ಓಟಿಪಿ. ಸಂಸ್ಥೆ ನಮ್ಮದು ಅಂತ ಮೈಕ್ರೋಸಾಫ್ಟ್‌ಗೆ ತೋರಿಸೋಣ ಅಂದರೆ ಡೊಮೇನ್‌ನ (ನಮ್ಮ ವೆಬ್ ವಿಳಾಸದ ಹೆಸರಿನ) ಡಿಎನ್‌ಎಸ್‌ ಪಟ್ಟಿಯಲ್ಲಿ ಒಂದು ದಾಖಲೆ ಸೇರಿಸಬೇಕು, ಡೊಮೇನೂ ಕಂಪನಿ ಹೆಸರಲ್ಲೇ! ದುಡ್ಡು ನಮ್ಮದು, ಬೋರ್ಡು ನಮ್ಮದು, ಒಳಗೆ ಕಾಲಿಡೋಕೆ ಅವರನ್ನು ಕೇಳಬೇಕು.

ಈಗ ಬೇರೆಯವರ ಕೈಲಿ ಮೈಕ್ರೋಸಾಫ್ಟ್ ಗ್ರಾಫ್ (ಇಡಬ್ಲ್ಯೂಎಸ್ ಬದಲಿಗೆ ಬಂದ ಹೊಸ ದಾರಿ), ಓಆಥ್ (ಪಾಸ್‌ವರ್ಡ್ ಕೊಡದೆ ಟೋಕನ್ ಮೂಲಕ ಒಳಗೆ ಹೋಗುವ ವಿಧಾನ) ಹಾಕಿಸಿ ಸರಿಮಾಡಿಸಿದ್ದೇವೆ. ಅಡ್ಮಿನ್ ಖಾತೆಗಳು ನಮ್ಮ ಹತ್ತಿರವೇ. ಇಲ್ಲೂ ಒಂದು ಹುಷಾರು: ಡೆವಲಪರ್ ಬಂದು ಮೇಲ್ ಓದಲು ಅಪ್ಲಿಕೇಶನ್ ಪರ್ಮಿಷನ್ (ಯಾರೂ ಲಾಗಿನ್ ಆಗದೆ ಆ್ಯಪ್ ತಾನೇ ಓದುವ ಅನುಮತಿ) ಕೊಡಿ ಅಂತ ಕೇಳುತ್ತಾರೆ. ಹಾಗೇ ಒಪ್ಪಿಗೆ ಒತ್ತಿದರೆ ಆ ಆ್ಯಪ್ ನಿಮ್ಮ ಸಂಸ್ಥೆಯ ಅಷ್ಟೂ ಮೇಲ್‌ಬಾಕ್ಸ್ ಓದಬಹುದು, ಮಾಲೀಕರದ್ದೂ ಸೇರಿ. ಬೇಕಾದ ಮೇಲ್‌ಬಾಕ್ಸಿಗೆ ಮಾತ್ರ ಕಟ್ಟಿಹಾಕಲು ಆಗುತ್ತೆ, ಅದನ್ನು ಮಾಡಿಸಿ, ಎದುರಿಗೇ ಕೂತು ಬೇರೆ ಮೇಲ್‌ಬಾಕ್ಸ್ ಓದೋಕೆ ಹೋದರೆ ತಡೆಯುತ್ತಾ ಅಂತ ತೋರಿಸೋಕೆ ಹೇಳಿ.

ಮತ್ತೆ, ಎಕ್ಸ್‌ಚೇಂಜ್ ಆನ್‌ಲೈನ್‌ನಲ್ಲಿ ಇಡಬ್ಲ್ಯೂಎಸ್ ಅನ್ನೇ 2026ರ ಅಕ್ಟೋಬರ್‌ನಿಂದ ನಿಲ್ಲಿಸುವುದಾಗಿ ಮೈಕ್ರೋಸಾಫ್ಟ್ 2023ರಲ್ಲಿ ಘೋಷಿಸಿದೆ. ಓಆಥ್ ಹಾಕಿದ್ದರೂ ಇದರಿಂದ ತಪ್ಪಿಸಿಕೊಳ್ಳೋಕಾಗಲ್ಲ. ನಿಮ್ಮ ಪೋರ್ಟಲ್ ಕಟ್ಟಿದವರಿಗೆ ಫೋನ್ ಮಾಡಿ, ಒಳಗೆ ಇರೋದು ಇಡಬ್ಲ್ಯೂಎಸ್ಸೋ ಗ್ರಾಫೋ ಅಂತ ಕೇಳಿ, ಉತ್ತರವನ್ನು ಮೇಲ್‌ನಲ್ಲೇ ಬರೆಸಿಕೊಳ್ಳಿ.