ಆರನೇ ತರಗತಿಗೆ ಮೂರನೇ ಭಾಷೆ: ತುಳುವೋ, ಹಿಂದಿಯೋ?

ಮನೆಯಲ್ಲಿ ತುಳು ಮಾತಾಡುವ ಮಗಳಿಗೆ ಯಾವುದು ಕೊಡಿಸಲಿ ಅಂತ ಕೇಳಿದ್ದೀರಿ.

ಕಲಿಯುವುದಕ್ಕೆ ತುಳು ಸುಲಭ. ಪುಸ್ತಕ ಕನ್ನಡ ಲಿಪಿಯಲ್ಲೇ ಇದೆ, ಹೊಸ ಅಕ್ಷರ ತಿದ್ದಬೇಕಿಲ್ಲ. ಪಾಡ್ದನ (ತುಳುವಿನ ಜನಪದ ಕಥನ ಹಾಡು), ಗಾದೆ, ಒಗಟು ಬಂದರೆ ಕ್ಲಾಸಿನಲ್ಲಿ ಸುಮ್ನೆ ಕೂರುವ ಮಕ್ಕಳೂ ಬಾಯಿ ಬಿಡುತ್ತಾರೆ. ತಿಳಿಯದ ಮಾತಿಗೆ ಮನೆಯಲ್ಲಿ ಅಜ್ಜಿ ಇದ್ದಾರೆ. ನನ್ನ ಪಾಲಿಗೆ ಇದೇ ದೊಡ್ಡ ಲಾಭ.

ಹಿಂದಿಗೆ ದೇವನಾಗರಿ ಕಲಿಯಬೇಕು. ಆದರೆ ಟೀಚರ್ ಹೆಚ್ಚಿನ ಶಾಲೆಗಳಲ್ಲಿ ಸಿಗುತ್ತಾರೆ. ತುಳುವಾದರೋ ಶಾಲೆಗೆ ಬಂದದ್ದೇ 2010ರಲ್ಲಿ. ಇರುವುದು ಮುಖ್ಯವಾಗಿ ದಕ್ಷಿಣ ಕನ್ನಡ, ಉಡುಪಿಯ ಕೆಲವು ಶಾಲೆಗಳಲ್ಲಿ.

ನಿಮಗೆ ವರ್ಗಾವಣೆಯ ಕೆಲಸವಾದರೆ ಹಿಂದಿಯೇ ವಾಸಿ. ನಡುವೆ ಭಾಷೆ ಬದಲಿಸುವುದು ಮಗುವಿಗೆ ಕಷ್ಟ, ಅಲ್ವಾ? ಊರಲ್ಲೇ ಎಸ್‌ಎಸ್‌ಎಲ್‌ಸಿ ಮುಗಿಸುತ್ತಾಳೆ ಅಂತಾದರೆ, ಹತ್ತನೇವರೆಗೂ ತುಳು ಟೀಚರ್ ಇರುತ್ತಾರಾ ಅಂತ ಶಾಲೆಯಲ್ಲಿ ವಿಚಾರಿಸಿ. ಇದ್ದರೆ ಧೈರ್ಯವಾಗಿ ತುಳು ಕೊಡಿಸಿ.