ಲೆಟ್ಸ್ ಎನ್‌ಕ್ರಿಪ್ಟ್: ಮೊದಲ ದಿನ ಸಲೀಸು, ಅರವತ್ತನೇ ದಿನ ಪರೀಕ್ಷೆ

ಸ್ವಂತ ಡೊಮೇನ್ ಕೊಂಡು, ಹಳೆಯ ಲ್ಯಾಪ್‌ಟಾಪ್‌ನಲ್ಲೋ ರಾಸ್ಪ್‌ಬೆರಿ ಪೈ ಎಂಬ ಪುಟಾಣಿ ಕಂಪ್ಯೂಟರಿನಲ್ಲೋ ಪುಟ್ಟ ವೆಬ್‌ಸೈಟ್ ಓಡಿಸುವವರಿಗೆ ಮೊದಲು ಎದುರಾಗುವ ತಲೆನೋವು ಬ್ರೌಸರಿನ 'ನಾಟ್ ಸೆಕ್ಯೂರ್' ಎಚ್ಚರಿಕೆ. ಅದನ್ನು ಹೋಗಲಾಡಿಸುವ ಸರ್ಟಿಫಿಕೇಟಿಗೆ ಹಿಂದೆಲ್ಲ ಸಾಮಾನ್ಯವಾಗಿ ವರ್ಷಕ್ಕಿಷ್ಟು ಎಂದು ದುಡ್ಡು ತೆರಬೇಕಿತ್ತು. ಸರ್ಟಿಫಿಕೇಟನ್ನು ಉಚಿತವಾಗಿ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್ 2015ರ ಡಿಸೆಂಬರ್ 3ರಂದು ಎಲ್ಲರಿಗೂ ಬಾಗಿಲು ತೆರೆದ ಮೇಲೆ ಆ ಖರ್ಚು ನಿಂತಿತು. ಇದನ್ನು ನಡೆಸುವುದು ಇಂಟರ್ನೆಟ್ ಸೆಕ್ಯುರಿಟಿ ರಿಸರ್ಚ್ ಗ್ರೂಪ್ ಎಂಬ ಅಮೆರಿಕದ ಸಂಸ್ಥೆ. ಲಾಭ ಅದರ ಉದ್ದೇಶವಲ್ಲ. ಸರ್ಟಿಫಿಕೇಟ್ ತರಿಸಿಕೊಳ್ಳಲು ಹೆಚ್ಚಿನವರು ಬಳಸುವ ಸಾಧನ ಸರ್ಟ್‌ಬಾಟ್.

ಉಬುಂಟು ಲಿನಕ್ಸ್, ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್ ಮತ್ತು ಹೊರಗಿನಿಂದ ನೇರ ತಲುಪಬಹುದಾದ ಪಬ್ಲಿಕ್ ಐಪಿ ವಿಳಾಸ ಇದ್ದರೆ ಐದು ನಿಮಿಷದ ಕೆಲಸ. ಉಬುಂಟುವಿನಲ್ಲಿ ತಂತ್ರಾಂಶ ಹಾಕಲು ಸ್ನ್ಯಾಪ್, ಎಪಿಟಿ ಎಂಬ ಎರಡು ದಾರಿಗಳಿವೆ. ಸರ್ಟ್‌ಬಾಟನ್ನು ಸ್ನ್ಯಾಪ್ ಮೂಲಕ ಹಾಕುವುದಾದರೆ ಮೊದಲೇ ಎಪಿಟಿಯಿಂದ ಬಂದದ್ದನ್ನು ತೆಗೆದುಬಿಡಿ. ಎರಡೂ ಉಳಿದರೆ ಯಾವುದು ಓಡುತ್ತಿದೆ ಎಂಬುದೇ ಗೊತ್ತಾಗದೆ ಪರದಾಡಬೇಕಾಗುತ್ತದೆ.

ನಮ್ಮ ಮನೆಗಳ ಇಂಟರ್ನೆಟ್ ಮಾತ್ರ ಅಷ್ಟು ಸರಳವಲ್ಲ. ಡೊಮೇನ್ ನಿಮ್ಮದೇ ಎಂದು ಖಚಿತಪಡಿಸಿಕೊಳ್ಳುವ ಮಾಮೂಲಿ ಪರಿಶೀಲನೆಯಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಹೊರಗಿನಿಂದ ಪೋರ್ಟ್ 80ಕ್ಕೆ, ಅಂದರೆ ಮಾಮೂಲಿ ವೆಬ್ ಸಂಪರ್ಕದ ಬಾಗಿಲಿಗೆ ಬಂದು, ಸರ್ಟ್‌ಬಾಟ್ ಇಟ್ಟ ಫೈಲನ್ನು ಓದುತ್ತದೆ. ರೂಟರಿನ ವ್ಯಾನ್ (ಹೊರಬದಿಯ) ವಿಳಾಸ 100.64ರಿಂದ 100.127ರ ನಡುವೆ ಶುರುವಾಗುತ್ತಿದ್ದರೆ ನೀವು ಸಿಜಿನ್ಯಾಟ್ ಹಿಂದಿದ್ದೀರಿ. ಒಂದೇ ಪಬ್ಲಿಕ್ ಐಪಿಯನ್ನು ಹಲವು ಮನೆಗಳು ಹಂಚಿಕೊಂಡಿವೆ. ಅಲ್ಲಿ ಪೋರ್ಟ್ ಫಾರ್ವರ್ಡಿಂಗ್ ಎಷ್ಟು ತಿದ್ದಿದರೂ ಐಪಿವಿ4ನಲ್ಲಿ ಹೊರಗಿನವರು ಒಳಗೆ ಬರಲಾರರು. ಇನ್ನೊಂದು ಗುಟ್ಟಾದ ದೋಷವಿದೆ. ಡೊಮೇನ್ ಹೆಸರನ್ನು ಐಪಿ ವಿಳಾಸಕ್ಕೆ ಜೋಡಿಸುವ ಡಿಎನ್‌ಎಸ್‌ನಲ್ಲಿ ಹಳೆಯ ಐಪಿವಿ6 ವಿಳಾಸ, ಅಂದರೆ ಕ್ವಾಡ್-ಎ ದಾಖಲೆ, ಮರೆತು ಉಳಿದಿದ್ದರೆ ಲೆಟ್ಸ್ ಎನ್‌ಕ್ರಿಪ್ಟ್ ಮೊದಲು ಅದನ್ನೇ ಹಿಡಿಯುತ್ತದೆ. ಬ್ರೌಸರಿನಲ್ಲಿ ಸೈಟ್ ಸರಿಯಾಗಿ ಕಾಣುತ್ತದೆ, ಪರಿಶೀಲನೆ ಮಾತ್ರ ಬಿದ್ದುಹೋಗಬಹುದು. ಆ ದಾಖಲೆಯನ್ನು ಸರಿಪಡಿಸಿ, ಇಲ್ಲವೇ ಅಳಿಸಿ.

ಸಿಜಿನ್ಯಾಟ್ ಇದ್ದವರಿಗೆ ಡಿಎನ್‌ಎಸ್ ಪರಿಶೀಲನೆಯೇ ದಾರಿ. ಡೊಮೇನಿನಲ್ಲಿ ಒಂದು ಟಿಎಕ್ಸ್‌ಟಿ (ಪಠ್ಯ) ದಾಖಲೆ ಹಾಕಿದರಾಯಿತು, ಯಾವ ಪೋರ್ಟೂ ತೆರೆದಿರಬೇಕಿಲ್ಲ. ಎಲ್ಲ ಸಬ್‌ಡೊಮೇನಿಗೂ ಆಗುವ ವೈಲ್ಡ್‌ಕಾರ್ಡ್ ಸರ್ಟಿಫಿಕೇಟ್ ಸಿಗುವುದೂ ಈ ದಾರಿಯಲ್ಲಿ ಮಾತ್ರ. ಆದರೆ ಸರ್ಟ್‌ಬಾಟಿನ ಮ್ಯಾನ್ಯುಯಲ್ ಆಯ್ಕೆಯಲ್ಲಿ ಟಿಎಕ್ಸ್‌ಟಿಯನ್ನು ಕೈಯಾರೆ ಅಂಟಿಸಿದರೆ ಅದು ತಾನಾಗಿ ರಿನ್ಯೂ ಆಗುವುದಿಲ್ಲ. ಹಾಗಾಗಿ ನಿಮ್ಮ ಡಿಎನ್‌ಎಸ್ ಸೇವೆಗೆ ಸರ್ಟ್‌ಬಾಟ್ ಪ್ಲಗಿನ್ ಇದೆಯೇ ಎಂದು ಮೊದಲೇ ನೋಡಿಕೊಳ್ಳಿ. ಡಿಎನ್‌ಎಸ್ ತಿದ್ದಲು ಅದಕ್ಕೆ ಕೊಡುವ ಎಪಿಐ ಟೋಕನ್ ಎಂಬ ಗುಪ್ತಸಂಕೇತ ಆ ಒಂದೇ ಡೊಮೇನಿಗೆ ಸೀಮಿತವಾಗಿರಲಿ, ಇಟ್ಟ ಫೈಲಿನ ಅನುಮತಿ 600 (ಮಾಲೀಕರು ಮಾತ್ರ ಓದಿ ಬರೆಯುವಂತೆ) ಇರಲಿ.

ಈ ಸೇವೆಯನ್ನು ಅಳೆಯಬೇಕಾದ ನಿಜವಾದ ಜಾಗ ರಿನ್ಯೂವಲ್. ಸರ್ಟಿಫಿಕೇಟಿನ ಆಯಸ್ಸು ಮಾಮೂಲಿಯಾಗಿ 90 ದಿನ. ದಿನಕ್ಕೆರಡು ಬಾರಿ ಟೈಮರ್ ಓಡಿ, ಸುಮಾರು 30 ದಿನ ಉಳಿದಾಗ ಹೊಸದನ್ನು ತರುತ್ತದೆ. ತಂದದ್ದನ್ನು ಸರ್ವರ್ ಬಳಸುತ್ತಿದೆಯೇ ಎಂಬುದು ಬೇರೆಯೇ ಮಾತು. ಸರ್ಟ್‌ಬಾಟಿನ ಎಂಜಿನ್‌ಎಕ್ಸ್ ಪ್ಲಗಿನ್ ಬಳಸಿದ್ದರೆ ರೀಲೋಡ್ ತಾನೇ ಆಗುತ್ತದೆ. ಪರಿಶೀಲನೆಯ ಫೈಲನ್ನು ಸೈಟಿನ ಫೋಲ್ಡರಿನಲ್ಲಿಡುವ ವೆಬ್‌ರೂಟ್ ವಿಧಾನದಲ್ಲಿ ಪಡೆದವರಿಗೆ ಆಗುವುದಿಲ್ಲ: ಡಿಸ್ಕಿನಲ್ಲಿ ಹೊಸ ಸರ್ಟಿಫಿಕೇಟ್ ಕೂತಿರುತ್ತದೆ, ಎಂಜಿನ್‌ಎಕ್ಸ್ ಮೆಮೊರಿಯಲ್ಲಿರುವ ಹಳೆಯದನ್ನೇ ತೋರಿಸುತ್ತಿರುತ್ತದೆ. ರಿನ್ಯೂವಲ್-ಹುಕ್ಸ್ ಫೋಲ್ಡರಿನ ಒಳಗಿನ ಡಿಪ್ಲಾಯ್ ಫೋಲ್ಡರಿನಲ್ಲಿ ಎಂಜಿನ್‌ಎಕ್ಸ್ ರೀಲೋಡ್ ಮಾಡುವ ಎರಡು ಸಾಲಿನ ಸ್ಕ್ರಿಪ್ಟ್ ಇಟ್ಟು, ಅದಕ್ಕೆ ಎಕ್ಸಿಕ್ಯೂಟ್ ಅನುಮತಿ ಕೊಡಿ. ಡ್ರೈ-ರನ್‌ನಲ್ಲಿ, ಅಂದರೆ ರಿನ್ಯೂವಲ್‌ನ ತಾಲೀಮಿನಲ್ಲಿ, ಈ ಹುಕ್ ಸ್ಕ್ರಿಪ್ಟ್ ತಾನಾಗಿ ಓಡುವುದಿಲ್ಲ, ಆದ್ದರಿಂದ ಡ್ರೈ-ರನ್ ಪಾಸಾಯಿತೆಂದು ನಿಶ್ಚಿಂತರಾಗಬೇಡಿ. ಸ್ಕ್ರಿಪ್ಟನ್ನು ಪ್ರತ್ಯೇಕವಾಗಿ ಓಡಿಸಿ ನೋಡಿ.

ಸರ್ಟ್‌ಬಾಟ್ ಸರ್ಟಿಫಿಕೇಟುಗಳನ್ನಿಡುವ ಲೈವ್ ಫೋಲ್ಡರಿನೊಳಗೆ ಕೈಹಾಕಿ ಏನನ್ನೂ ಅಳಿಸಬೇಡಿ. ಬೇಡವಾದದ್ದಕ್ಕೆ ಸರ್ಟ್‌ಬಾಟಿನ ಡಿಲೀಟ್ ಆಜ್ಞೆಯೇ ಇದೆ. ಡೊಮೇನ್ ಹೆಸರಿನ ಕೊನೆಗೆ -0001 ಎಂದಿರುವ ಫೋಲ್ಡರ್ ಕಂಡರೆ, ಎಂಜಿನ್‌ಎಕ್ಸ್ ಯಾವ ಫೋಲ್ಡರ್ ನೋಡುತ್ತಿದೆ ಎಂದು ತಕ್ಷಣ ಪರೀಕ್ಷಿಸಿ. ಕಾನ್ಫಿಗರೇಶನ್‌ನಲ್ಲಿ ಕೊಡಬೇಕಾದ್ದು ನಡುವಿನ ಸರ್ಟಿಫಿಕೇಟೂ ಸೇರಿರುವ ಫುಲ್‌ಚೈನ್ ಫೈಲ್, ಸರ್ಟ್ ಫೈಲ್ ಅಲ್ಲ. ಎರಡನೆಯದನ್ನು ಕೊಟ್ಟರೆ ಕಂಪ್ಯೂಟರಿನ ಬ್ರೌಸರಿನಲ್ಲಿ ಸರಿಯಾಗಿ ಕಂಡು, ಮೊಬೈಲ್ ಆ್ಯಪ್‌ಗಳಲ್ಲೂ ಕರ್ಲ್ ಆಜ್ಞೆಯಲ್ಲೂ ದೋಷ ಬರಬಹುದು.

ಅವಧಿ ಮುಗಿಯುತ್ತಿದೆ ಎಂಬ ಇಮೇಲುಗಳನ್ನು ಲೆಟ್ಸ್ ಎನ್‌ಕ್ರಿಪ್ಟ್ 2025ರ ಜೂನ್‌ನಲ್ಲಿ ನಿಲ್ಲಿಸಿತು. ಅವುಗಳನ್ನೇ ನೆಚ್ಚಿಕೊಂಡಿದ್ದ ಹವ್ಯಾಸಿಗಳಿಗೆ ಇದು ನಷ್ಟವೇ. ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಕ್ರಾನ್‌ನಿಂದ ವಾರಕ್ಕೊಮ್ಮೆ, ಇಂತಿಷ್ಟು ಸಮಯದೊಳಗೆ ಅವಧಿ ಮುಗಿಯುತ್ತದೆಯೇ ಎಂದು ನೋಡುವ ಓಪನ್‌ಎಸ್‌ಎಸ್‌ಎಲ್‌ನ ಚೆಕ್‌ಎಂಡ್ ಆಯ್ಕೆಯನ್ನು 1728000 ಸೆಕೆಂಡಿಗೆ, ಅಂದರೆ 20 ದಿನಕ್ಕೆ ಇಟ್ಟು ಓಡಿಸಿ. ಪರೀಕ್ಷಿಸಬೇಕಾದ್ದು ಡಿಸ್ಕಿನ ಫೈಲನ್ನಲ್ಲ, ಸರ್ವರ್ ಹೊರಗೆ ಕೊಡುತ್ತಿರುವ ಸರ್ಟಿಫಿಕೇಟನ್ನು.

ರಾಸ್ಪ್‌ಬೆರಿ ಪೈ 4 ಮತ್ತು ಅದಕ್ಕಿಂತ ಹಳೆಯ ಬೋರ್ಡುಗಳಲ್ಲಿ ಗಡಿಯಾರದ ಚಿಪ್ ಇಲ್ಲ. ತುಂಬ ಹೊತ್ತು ಕರೆಂಟ್ ಹೋಗಿ ಬಂದಾಗ, ಸಮಯ ಹೊಂದಿಕೊಳ್ಳುವವರೆಗೆ ಪೈ ಹಳೆಯ ದಿನಾಂಕದಲ್ಲೇ ಇರುತ್ತದೆ. ಆಗ ಪೈ ಮಾಡುವ ಸಂಪರ್ಕಗಳಲ್ಲಿ 'ಸರ್ಟಿಫಿಕೇಟ್ ಇನ್ನೂ ಊರ್ಜಿತವಲ್ಲ' ಎಂಬ ದೋಷ ಬಂದರೆ ಮೊದಲು ಗಡಿಯಾರ ನೋಡಿ.

ಕನ್ನಡದ ಡಾಟ್ ಭಾರತ ಡೊಮೇನಿಗೂ ಇಲ್ಲಿ ಸರ್ಟಿಫಿಕೇಟ್ ಸಿಗುತ್ತದೆ ಎಂಬುದು ನಿಜಕ್ಕೂ ಸಂತೋಷದ ಸಂಗತಿ. ಸರ್ಟ್‌ಬಾಟಿಗೆ ಮಾತ್ರ ಕನ್ನಡ ಅಕ್ಷರ ಹೊಡೆದರೆ ಒಪ್ಪುವುದಿಲ್ಲ, ಇಂಗ್ಲಿಷ್ ಅಕ್ಷರ-ಅಂಕೆಗಳಲ್ಲಿ ಬರೆದ ಪ್ಯೂನಿಕೋಡ್ ರೂಪ ಬೇಕು. ಅದನ್ನು ರಿಜಿಸ್ಟ್ರಾರ್ ಪುಟದಿಂದಲೇ ನಕಲಿಸಿ. ಬೇರೆ ಪರಿವರ್ತಕ ಬಳಸಿದರೆ, ಅರ್ಕಾವೊತ್ತಿನ ಸುತ್ತ ಇಣುಕುವ ಕಾಣದ ಅಕ್ಷರವೊಂದು ಹೆಸರನ್ನೇ ಬದಲಿಸಿಬಿಡಬಹುದು.

ಸರ್ಟಿಫಿಕೇಟಿನಲ್ಲಿರುವ ಪ್ರತಿ ಹೆಸರೂ ಸಾರ್ವಜನಿಕ ದಾಖಲೆಗೆ ಸೇರುತ್ತದೆ. ಮನೆಯ ಕ್ಯಾಮೆರಾ, ಬ್ಯಾಕಪ್ ಡಬ್ಬಿಗಳಿಗೆ ಕೊಟ್ಟ ಸಬ್‌ಡೊಮೇನ್ ಜಗಜ್ಜಾಹೀರಾಗಬಾರದೆಂದರೆ ವೈಲ್ಡ್‌ಕಾರ್ಡ್ ತೆಗೆದುಕೊಳ್ಳಿ. ಪ್ರಯೋಗಗಳನ್ನೆಲ್ಲ ಲೆಟ್ಸ್ ಎನ್‌ಕ್ರಿಪ್ಟಿನ ಸ್ಟೇಜಿಂಗ್ (ಪರೀಕ್ಷಾ) ಸರ್ವರಿನಲ್ಲೇ ಮಾಡಿ: ಒಂದೇ ಹೆಸರಿನ ಗುಂಪಿಗೆ ವಾರಕ್ಕೆ ಐದೇ ಸರ್ಟಿಫಿಕೇಟ್, ಮಿತಿ ದಾಟಿದರೆ ಕಾಯಬೇಕು. ಫೋನ್ ಮಾಡಿ ಕೇಳಲು ಯಾರೂ ಇಲ್ಲ. ಆದರೂ ಅಂಗಡಿಯವರಿಂದ ಹಿಡಿದು ಶಾಲೆಯ ವೆಬ್‌ಸೈಟ್ ನೋಡಿಕೊಳ್ಳುವ ಮೇಷ್ಟ್ರವರೆಗೆ ಯಾರಿಗಾದರೂ ನಾನು ಧೈರ್ಯವಾಗಿ ಹೇಳುವ ಸೇವೆ ಇದು. ಸರ್ಟಿಫಿಕೇಟುಗಳ ಗರಿಷ್ಠ ಆಯಸ್ಸು 2029ರ ಮಾರ್ಚ್‌ನಿಂದ 47 ದಿನಕ್ಕೆ ಇಳಿಯಲಿದೆ; ಕೈಯಾರೆ ರಿನ್ಯೂ ಮಾಡುತ್ತಿರುವವರು ಡಿಪ್ಲಾಯ್ ಹುಕ್ ಬರೆಯುವ ಕೆಲಸವನ್ನು ಈ ಭಾನುವಾರವೇ ಮುಗಿಸಿಕೊಳ್ಳಿ.