ಒಂದು ಟೀಗೆ ಯಾವ ಲೋಟ?

ಮಂಡ್ಯದ ನೂರಡಿ ರಸ್ತೆಯಲ್ಲಿ ನಮ್ಮದೊಂದು ಚಿಕ್ಕ ಆಫೀಸು, ಹನ್ನೆರಡು ಜನ. ದಿನಕ್ಕೆ ಎರಡು ಸಲ ಪಕ್ಕದ ಅಂಗಡಿಯಿಂದ ಫ್ಲಾಸ್ಕಿನಲ್ಲಿ ಟೀ ಬರುತ್ತದೆ, ಜೊತೆಗೆ ಪೇಪರ್ ಕಪ್ಪು. ದಿನಕ್ಕೆ 24 ಕಪ್ಪು ಕಸದ ಬುಟ್ಟಿಗೆ. ನೋಡಿ ನೋಡಿ ಹೊಟ್ಟೆ ಉರಿದು, ಪೇಪರ್, ಮಣ್ಣು, ಸ್ಟೀಲು ಮೂರನ್ನೂ ಒಂದೊಂದು ವಾರ ಇಟ್ಟು ನೋಡಿದೆ. ಯಾವುದರಿಂದ ಇಂಗಾಲದ ಹೊರೆ, ಅಂದರೆ ಗಾಳಿಗೆ ಸೇರುವ ಕಾರ್ಬನ್ ಡೈಆಕ್ಸೈಡ್, ಕಡಿಮೆ ಅನ್ನುವುದೇ ನನ್ನ ಪ್ರಶ್ನೆ.

ಪೇಪರ್ ಕಪ್ಪಿನ ಬಲ ಅದರ ತೂಕ. ತಕ್ಕಡಿಗೆ ಹಾಕಿದರೆ ಹತ್ತು ಕಪ್ಪು ಸೇರಿ 20 ಗ್ರಾಂ. ಆದರೆ ಅದು ಬರೀ ಕಾಗದ ಅಲ್ಲ. ಒಂದನ್ನು ರಾತ್ರಿ ನೀರಲ್ಲಿ ನೆನೆಹಾಕಿ ಬೆಳಿಗ್ಗೆ ಉಜ್ಜಿದೆ. ಕಾಗದ ಹಿಟ್ಟಿನ ಹಾಗೆ ಬಿಟ್ಟುಕೊಂಡಿತು. ಒಳಗಿನ ತೆಳು ಪ್ಲಾಸ್ಟಿಕ್ ಪೊರೆ ಮಾತ್ರ ಹಾಗೇ ಕೈಗೆ ಬಂತು.

ಮಣ್ಣಿನ ಲೋಟ ಎಲ್ಲರಿಗೂ ಇಷ್ಟವಾಯಿತು. ಮೊದಲ ಗುಟುಕಿಗೇ ಮಳೆ ಬಿದ್ದ ನೆಲದ ವಾಸನೆ. ಆದರೆ ಒಂದೊಂದು 90 ಗ್ರಾಂ ತೂಗಿತು. ಅಂದರೆ ದಿನಕ್ಕೆ ಎರಡು ಕೆಜಿಗೂ ಜಾಸ್ತಿ ಸುಟ್ಟ ಮಣ್ಣು! ಕುಂಬಾರರ ಆವಿಗೆಗೆ ಸೌದೆ ಬೇಕು, ಅಷ್ಟು ಭಾರ ಹೊತ್ತು ತರಬೇಕು, ಸುಟ್ಟ ಮಣ್ಣು ಮತ್ತೆ ಹಸಿ ಮಣ್ಣಾಗುವುದಿಲ್ಲ. ಒಂದೇ ಸಲ ಕುಡಿದು ಎಸೆಯುವುದಾದರೆ ನಾನು ಇದನ್ನು ಒಪ್ಪುವುದಿಲ್ಲ.

ಸ್ಟೀಲ್ ಲೋಟ ಅಮ್ಮನ ಮನೆಯಿಂದ ತಂದೆ. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಪಕ್ಕದಲ್ಲಿ 1987. ಸ್ಟೀಲು ಮಾಡುವುದಕ್ಕೆ ಬೆಂಕಿ ಜಾಸ್ತಿ ಬೇಕು, ನಿಜ. ಅದನ್ನು ಎಷ್ಟು ಸಲ ಬಳಸುತ್ತೇವೆ ಅನ್ನುವುದರ ಮೇಲೆ ಎಲ್ಲ ನಿಂತಿದೆ. ಕೆನಡಾದ ರಸಾಯನಶಾಸ್ತ್ರಜ್ಞ ಮಾರ್ಟಿನ್ ಹಾಕಿಂಗ್ 1994ರಲ್ಲಿ ಶಕ್ತಿಯ ಲೆಕ್ಕ ಹಾಕಿದ್ದರು. ಪೇಪರ್ ಕಪ್ಪಿಗೆ ಸಮ ಬರಲು ಗಾಜಿನ ಲೋಟವನ್ನು 15 ಸಲ, ಪಿಂಗಾಣಿಯದನ್ನು 39 ಸಲ ಬಳಸಬೇಕು ಅಂತ. ನಮ್ಮ ಲೋಟ ಎಷ್ಟು ಸಾವಿರ ಸಲ ತುಂಬಿದೆಯೋ!

ಎಡವಿದ್ದು ತೊಳೆಯುವಲ್ಲಿ. ಮೊದಲೆರಡು ದಿನ ಕೆಟಲ್‌ನಲ್ಲಿ ನೀರು ಕಾಯಿಸಿ ತೊಳೆದೆವು, ಲೋಟಕ್ಕೆ ಅರ್ಧ ಲೀಟರ್. ಒಂದು ಲೀಟರ್ ನೀರು 50 ಡಿಗ್ರಿ ಏರಲು ಸುಮಾರು 0.06 ಯೂನಿಟ್ ಕರೆಂಟು ಬೇಕು. ನಮ್ಮ ದೇಶದ ಕರೆಂಟು ಬಹುಪಾಲು ಕಲ್ಲಿದ್ದಲಿನದು, ಒಂದು ಯೂನಿಟ್‌ಗೆ ಸುಮಾರು 700 ಗ್ರಾಂ ಕಾರ್ಬನ್ ಡೈಆಕ್ಸೈಡ್. ಲೋಟಕ್ಕೆ 20 ಗ್ರಾಂ ಬಿತ್ತು. ಎರಡು ಗ್ರಾಂ ತೂಕದ ಪೇಪರ್ ಕಪ್ಪಿನದು ಅಷ್ಟಾಗಲಾರದು, ಅಲ್ವಾ? ಬಿಸಿನೀರಿನಿಂದ ನಾವೇ ಸೋತಿದ್ದೆವು.

ಮೂರನೇ ದಿನದಿಂದ ಟೀ ಒಣಗುವ ಮುಂಚೆಯೇ ತಣ್ಣೀರಲ್ಲಿ ತೊಳೆಯುತ್ತಿದ್ದೇವೆ. ಹನ್ನೆರಡಕ್ಕೂ ಒಂದೇ ಬಕೆಟ್ ಸಾಕು. ಈಗ ಸ್ಟೀಲೇ ಸರಿ ಅಂತ ಧೈರ್ಯವಾಗಿ ಹೇಳುತ್ತೇನೆ.

ಟೀ ಅಂಗಡಿಯವರು, "ಕಪ್ಪು ಬ್ಯಾಡ ಅಂದ್ರೆ ನಂಗೂ ಉಳೀತದೆ ಕಣಣ್ಣ" ಅಂದರು. ಹೊರಗಿನವರು ಬಂದಾಗ ಮಾತ್ರ ಇನ್ನೂ ಪೇಪರ್ ಕಪ್ಪು ತೆಗೆಯುತ್ತೇವೆ. ಅಮ್ಮನ ಅಟ್ಟದ ಮೇಲೆ ಇನ್ನೂ ಆರು ಲೋಟ ಇವೆ. ಭಾನುವಾರ ಇಳಿಸಿಕೊಂಡು ಬರಬೇಕು.